ಬಲ್ಬಿಗೆ ಎಷ್ಟು ಸುತ್ತು ಥ್ರೆಡ್ ಇದೆ?

ಹಾಲ್‌ನ ಬಲ್ಬು ಹೋಗಿತ್ತು. ಮಗನ ಕೈಗೆ ಹೊಸದು ಕೊಟ್ಟು, ಸ್ಟೂಲ್ ಎಳೆದುಕೊಟ್ಟು, ನಾನು ಒಗ್ಗರಣೆ ನೋಡಲು ಹೋದೆ. ಹತ್ತು ನಿಮಿಷವಾದರೂ ಬೆಳಕಿಲ್ಲ. ಬಂದು ನೋಡಿದರೆ ಅವನು ಸ್ಟೂಲ್ ಮೇಲೆ ನಿಂತು ಬಲ್ಬನ್ನು ಗಿರಗಿರ ತಿರುಗಿಸುತ್ತಲೇ ಇದ್ದ. ಹಣೆಯಲ್ಲಿ ಬೆವರು.

“ಅಮ್ಮಾ, ಇದಕ್ಕೆ ಎಷ್ಟು ಸುತ್ತು ಥ್ರೆಡ್ ಇದೆ? ಮುಗೀತಾನೇ ಇಲ್ಲ.”

ಥ್ರೆಡ್ಡೇ ಇಲ್ಲ ಕಣೋ ಎಂದೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಪಿನ್ ಹೋಲ್ಡರ್. ಬಲ್ಬಿನ ಕುತ್ತಿಗೆ 22 ಮಿಲಿಮೀಟರ್ ಅಗಲ, ಆ ಕಡೆ ಈ ಕಡೆ ಎರಡು ಪುಟ್ಟ ಪಿನ್ನು. ಒತ್ತಿ, ಒಂಚೂರು ತಿರುಗಿಸಿ, ಬಿಟ್ಟರೆ ಆಯಿತು. ಒಳಗಿನ ಸ್ಪ್ರಿಂಗು ಹಿಡಿದುಕೊಳ್ಳುತ್ತದೆ. ಹದಿನೆಂಟು ವರ್ಷ ಅದೇ ಹೋಲ್ಡರ್ ಕೆಳಗೆ ಕೂತು ಓದಿದ ಹುಡುಗ ಇವನು. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ 96. ಇನ್ನು ಐದು ವಾರಕ್ಕೆ ಧಾರವಾಡಕ್ಕೆ ಹೊರಡುವವನಿದ್ದ. ಅದೂ ಹಾಸ್ಟೆಲ್ ಅಲ್ಲ, ಇಬ್ಬರು ಸ್ನೇಹಿತರ ಜೊತೆ ಬಾಡಿಗೆ ಮನೆ. ಆ ಇಬ್ಬರೂ ಇವನ ಹಾಗೆಯೇ. ಒಬ್ಬನಂತೂ ನಮ್ಮನೆಗೆ ಬಂದಾಗ ಬಾತ್‌ರೂಮಿನ ಹಳೆ ಚಿಲಕ ಹಾಕಲು ಬಾರದೆ, ಯಾರೂ ಬರದಿರಲಿ ಅಂತ ಒಳಗೆ ಜೋರಾಗಿ ಹಾಡು ಹೇಳುತ್ತಿದ್ದ.

ರಾತ್ರಿ ನಮ್ಮನೆಯವರ ಹತ್ತಿರ ಹೇಳಿಕೊಂಡೆ. “ಯೂಟ್ಯೂಬ್ ನೋಡ್ಕೋತಾನೆ ಬಿಡು” ಎಂದರು. ಆ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಮನೆಯಲ್ಲಿ ಸ್ಕ್ರೂಡ್ರೈವರ್ ಎಲ್ಲಿರುತ್ತೆ ಅಂತ ಅವರಿಗೂ ಗೊತ್ತಿಲ್ಲ. ರಿಪೇರಿ ಖಾತೆ ನನ್ನದು. ನಮ್ಮಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಫಿಟರ್ ಆಗಿದ್ದರು. ಭಾನುವಾರ ಬಂತೆಂದರೆ ನಮ್ಮ ಮನೆಯಲ್ಲಿ ಏನಾದರೂ ಒಂದು ಬಿಚ್ಚಿಕೊಂಡು ಪೇಪರ್ ಮೇಲೆ ಹರಡಿರುತ್ತಿತ್ತು. ಗಡಿಯಾರವೋ, ಸ್ಟವ್ವೋ, ಸೈಕಲ್ ಹಬ್ಬೋ. ನನ್ನ ಮಗನ ಭಾನುವಾರಗಳು ಟ್ಯೂಷನ್ನಿಗೆ ಹೋದವು. ಅವನು ವಾಪಸ್ ಬರುವ ಹೊತ್ತಿಗೆ ನಾನು ಎಲ್ಲವನ್ನೂ ರಿಪೇರಿ ಮಾಡಿ ಮುಚ್ಚಿಟ್ಟಿರುತ್ತಿದ್ದೆ. ಪಾಪ, ಅವನು ನೋಡಿದ್ದೆಲ್ಲ ಮುಚ್ಚಿದ ಡಬ್ಬಿಗಳೇ.

ಹಾಗಾಗಿ ಒಂದು ಕೆಲಸ ಹಿಡಿದೆವು. ಅವನು ಧಾರವಾಡಕ್ಕೆ ಒಯ್ಯುವ ಎಕ್ಸ್‌ಟೆನ್ಷನ್ ಬೋರ್ಡನ್ನು ಅವನೇ ಮಾಡಬೇಕು. ಮೂರು ಸಾಕೆಟ್, ಮೂರು ಸ್ವಿಚ್, ಒಂದು ಫ್ಯೂಸ್, ಒಂದು ಇಂಡಿಕೇಟರ್. ಅಳೆಯುವುದು, ಕೊಯ್ಯುವುದು, ಅರ ಹಾಕುವುದು, ಸ್ಕ್ರೂ, ವೈರು, ಟೆಸ್ಟಿಂಗ್, ಎಲ್ಲ ಅದರಲ್ಲೇ ಬರುತ್ತದೆ. ಮಧ್ಯೆ ಮನೆಯಲ್ಲಿ ಏನು ಕೆಟ್ಟರೂ ಅದೂ ಅವನ ಪಾಲಿಗೆ.

ಮೊದಲನೇ ಶನಿವಾರ: ಸಾಮಾನು

ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ನಡೆದೆವು. ಎಲೆಕ್ಟ್ರಿಕಲ್ ಸಾಮಾನಿಗೆ ನಾನು ಆ ಬೀದಿ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ. ಆನ್‌ಲೈನ್‌ನಲ್ಲೇ ತರಿಸೋಣ ಅಂತ ಅವನ ವಾದ. ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡದೆ ಕೊಳ್ಳುವುದು ಹೇಗೆ ಅಂತ ನನ್ನ ವಾದ.

ಅಂಗಡಿಯಲ್ಲಿ ಮಾತಾಡುವುದು ಅವನ ಕೆಲಸ ಎಂದು ಮೊದಲೇ ಹೇಳಿದ್ದೆ. ಹೋಗಿ ನಿಂತ. “ವೈರ್ ಬೇಕಿತ್ತು.”

“ಎಷ್ಟರದ್ದು?”

“ನಾಲ್ಕು ಮೀಟರ್.”

“ಅದಲ್ಲಪ್ಪ, ಎಷ್ಟರದ್ದು?”

ಮಗ ನನ್ನ ಮುಖ ನೋಡಿದ. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದೆ. “ಮೀಡಿಯಮ್” ಎಂದ.

ಅಂಗಡಿಯವರು ಒಳ್ಳೆಯವರು, ನಗಲಿಲ್ಲ. ಒಂದು, ಒಂದೂವರೆ, ಎರಡೂವರೆಯ ತುಂಡುಗಳನ್ನು ಮುಂದಿಟ್ಟು ಒಳಗಿನ ತಾಮ್ರ ತೋರಿಸಿದರು. ಅದು ತಾಮ್ರದ ಅಡ್ಡಕೊಯ್ತದ ಅಳತೆ, ಚದರ ಮಿಲಿಮೀಟರ್‌ನಲ್ಲಿ. ಅಷ್ಟು ಕೇಳಿದ್ದೇ ತಡ ಹುಡುಗನಿಗೆ ದಾರಿ ಸಿಕ್ಕಿತು. ದಪ್ಪ ಜಾಸ್ತಿಯಾದರೆ ರೆಸಿಸ್ಟೆನ್ಸ್ ಕಡಿಮೆ, ಬಿಸಿಯಾಗುವುದೂ ಕಡಿಮೆ, ಅಲ್ವಾ ಅಂದ. ಒಂದೂವರೆಯ ತ್ರೀ ಕೋರ್ ನಾಲ್ಕು ಮೀಟರ್ ಕೊಂಡೆವು. 6 ಆಂಪಿಯರ್ ಪ್ಲಗ್ಗು, ಐದು ತೂತಿನ ಸಾಕೆಟ್ಟು, ಪಿಯಾನೋ ಸ್ವಿಚ್ಚು, ಮರದ ಬೋರ್ಡು, ಮೇಲೆ ಮುಚ್ಚಲು ಹೈಲಮ್ ಶೀಟು. ಎಲ್ಲ ಸೇರಿ 740 ರೂಪಾಯಿ. ರೆಡಿಮೇಡ್ ತಂದಿದ್ದರೆ ಇನ್ನೂ ಕಡಿಮೆಗೆ ಆಗುತ್ತಿತ್ತು. ದುಡ್ಡು ಉಳಿಸಲು ಯಾರೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಕೊಯ್ಯುವುದು

ತೂತು ಹೊಡೆದ ಶೀಟು ಕೇಳಬಹುದಿತ್ತು. ಬೇಕಂತಲೇ ಕೇಳಲಿಲ್ಲ.

ಸಾಕೆಟ್ಟಿನ ಅಳತೆ ಶೀಟಿನ ಮೇಲೆ ಗುರುತು ಮಾಡು ಎಂದೆ. ಮಾಡಿದ, ಚೆನ್ನಾಗಿಯೇ ಮಾಡಿದ, ಸ್ಕೇಲು ಪೆನ್ಸಿಲ್ಲು ಅವನ ಕೈಗೆ ಹೊಸದಲ್ಲ. ಕೊಯ್ಯಲು ಬಂದಾಗ ತೊಂದರೆ. ಚೌಕದ ಮಧ್ಯದಿಂದ ಬ್ಲೇಡು ಶುರು ಮಾಡುವುದು ಹೇಗೆ? ಅಂಚಿನಿಂದ ಕೊಯ್ದುಕೊಂಡು ಬರೋಣ ಎಂದ. ಹಾಗೆ ಮಾಡಿದರೆ ಶೀಟು ಎರಡು ಹೋಳು. ಮೂಲೆಗಳಲ್ಲಿ ಒಂದೊಂದು ತೂತು ಕೊರೆದು, ಆ ತೂತಿನೊಳಗೆ ಹ್ಯಾಕ್ಸಾ ಬ್ಲೇಡು ತೂರಿಸಿ, ಒಂದು ತುದಿಗೆ ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದು ಕೊಯ್ಯಬೇಕು. ಗೆರೆಯ ಒಳಗೇ ಕೊಯ್ಯಬೇಕು. ಉಳಿದ ಒಂದು ಮಿಲಿಮೀಟರ್ ಅರದ ಪಾಲು.

ಅರ ನಮ್ಮಪ್ಪನದು. ಹಿಡಿ ಸವೆದು ಅವರ ಅಂಗೈ ಆಕಾರಕ್ಕೇ ಬಂದಿದೆ. ಮಗ ಅದನ್ನು ಹಿಡಿದು ಹಲ್ಲುಜ್ಜುವ ಹಾಗೆ ಮುಂದಕ್ಕೂ ಹಿಂದಕ್ಕೂ ಒತ್ತಿ ಉಜ್ಜಿದ. ಅರದ ಹಲ್ಲು ಮುಂದಕ್ಕೆ ಮುಖ ಮಾಡಿರುತ್ತದೆ. ತಳ್ಳುವಾಗ ಮಾತ್ರ ಕೊರೆಯುತ್ತದೆ. ಹಿಂದಕ್ಕೆ ಎಳೆಯುವಾಗ ಹಗುರಾಗಿ ಎತ್ತಬೇಕು, ಇಲ್ಲದಿದ್ದರೆ ಹಲ್ಲೇ ಸವೆಯುತ್ತದೆ. ಇದನ್ನು ಬಾಯಲ್ಲಿ ಹೇಳಿದ್ದು ಸಾಕಾಗಲಿಲ್ಲ. ಅವನ ಕೈ ಮೇಲೆ ಕೈ ಇಟ್ಟು ಹತ್ತು ಸಲ ತಳ್ಳಿಸಿದೆ. ಹನ್ನೊಂದನೇ ಸಲ ಶಬ್ದ ಬದಲಾಯಿತು. ಅದು ಅವನಿಗೂ ಕೇಳಿಸಿತು.

ಮೂರನೇ ಸಾಕೆಟ್ಟಿನ ತೂತು ಸ್ವಲ್ಪ ದೊಡ್ಡದಾಗಿ ಹೋಗಿದೆ. ಈಗಲೂ ನೋಡಿದರೆ ಬಲಗಡೆ ಸಂದು ಕಾಣುತ್ತದೆ. ಬೇರೆ ಶೀಟು ತರೋಣ ಎಂದ. ಬೇಡ, ಕಾಣಲಿ ಎಂದೆ.

ಇದೇ ದಿನ ತಿಳಿದ ಇನ್ನೊಂದು ವಿಷಯ: ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ. ಬಲಗೈ ಹೆಬ್ಬೆರಳಿನ ನಿಯಮ ಗೊತ್ತು. ಕರೆಂಟ್ ಎತ್ತ, ಮ್ಯಾಗ್ನೆಟಿಕ್ ಫೀಲ್ಡ್ ಎತ್ತ ಅಂತ ನಿದ್ದೆಯಲ್ಲೂ ಹೇಳುತ್ತಾನೆ. ಅದೇ ಹೆಬ್ಬೆರಳನ್ನು ಸ್ಕ್ರೂ ಹೋಗಬೇಕಾದ ಕಡೆಗೆ ಚಾಚು, ಉಳಿದ ಬೆರಳು ಮಡಚಿದ ಕಡೆಗೆ ತಿರುಗಿಸು ಎಂದೆ. ಅವನು ಒಂದು ನಿಮಿಷ ತನ್ನ ಕೈಯನ್ನೇ ನೋಡುತ್ತಾ ಕೂತ.

ನಡುವೆ ಒಂದು ನಲ್ಲಿ

ಬಚ್ಚಲಿನ ನಲ್ಲಿ ಸೋರುತ್ತಿತ್ತು. ಸೋರಿದಷ್ಟೂ ಇವನು ಇನ್ನಷ್ಟು ಬಿಗಿಯಾಗಿ ತಿರುಗಿಸುತ್ತಿದ್ದ. ಅದೇ ಕಾರಣಕ್ಕೆ ಒಳಗಿನ ವಾಶರ್ ಇನ್ನಷ್ಟು ಹರಿದಿತ್ತು. ಸರಿ, ನೀನೇ ಬದಲಾಯಿಸು, ಮೊದಲು ನೀರು ನಿಲ್ಲಿಸು ಎಂದೆ.

“ನೀರು ಎಲ್ಲಿಂದ ಬರುತ್ತೆ ಗೊತ್ತಾ?”

“ಟ್ಯಾಂಕಿಂದ.”

“ಟ್ಯಾಂಕಿಗೆ?”

“ಮೋಟರಿಂದ.”

“ಮೋಟರಿಗೆ?”

“ನೀನು ಸ್ವಿಚ್ ಹಾಕ್ತೀಯಲ್ಲ.”

ಸಂಪಿನ ಮುಚ್ಚಳ ತೆಗೆಸಿ ತೋರಿಸಿದೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಊರಿಗೆ ಬಂದು, ನಮ್ಮ ಬೀದಿಗೆ ದಿನ ಬಿಟ್ಟು ದಿನ ಬಂದು, ಸಂಪಿಗೆ ಬೀಳುತ್ತದೆ. 1974ರಿಂದ ಈ ಊರು ಕುಡಿಯುತ್ತಿರುವ ನೀರು ಅದು. ಸಾಲದ್ದಕ್ಕೆ ಬೋರ್‌ವೆಲ್. ಎರಡೂ ಮೇಲಿನ ಟ್ಯಾಂಕಿಗೆ ಏರುತ್ತವೆ. ಅಲ್ಲಿಂದ ಇಳಿಯುವ ಪೈಪುಗಳಿಗೆ ತಾರಸಿಯಲ್ಲಿ ಗೇಟ್ ವಾಲ್ವ್ ಇದೆ, ಅದನ್ನು ಬಲಕ್ಕೆ ತಿರುಗಿಸಿ ಮುಚ್ಚು. ಇಷ್ಟು ಹೇಳಿ ಕಳಿಸಿದೆ. ತಾರಸಿಯಲ್ಲಿ ನಾಲ್ಕು ವಾಲ್ವ್ ಇವೆ ಅಂತ ಹೇಳಲು ಮರೆತೆ. ಆ ತಪ್ಪು ನನ್ನದೇ.

ಅವನು ಒಂದನ್ನು ಮುಚ್ಚಿ ಬಂದ. ನಲ್ಲಿಯ ಹಿಡಿ ಬಿಚ್ಚಿದ. ಪಾನಾ ಹಿಡಿದು ಸ್ಪಿಂಡಲ್ ಸಡಿಲಿಸಿದ. ಹೆಬ್ಬೆರಳಿನ ನಿಯಮ ಸರಿಯಾಗಿ ಬಳಸಿದ, ಎಡಕ್ಕೇ ತಿರುಗಿಸಿದ. ಸ್ಪಿಂಡಲ್ ಕೈಗೆ ಬರುವುದಕ್ಕೂ ನೀರು ಅವನ ಮುಖಕ್ಕೆ ಚಿಮ್ಮುವುದಕ್ಕೂ ಸರಿಹೋಯಿತು. ಅದೇ ಗಳಿಗೆಗೆ ಮಹಡಿ ಮನೆಯ ಆಂಟಿ ಬಾಲ್ಕನಿಯಿಂದ ಕೂಗಿದರು. “ರೀ, ನೀರು ನಿಂತೋಯ್ತು ಕಣ್ರೀ! ತಲೆಗೆ ಸೀಗೆಪುಡಿ ಹಾಕ್ಕೊಂಡು ಕೂತಿದ್ದೀನಿ!”

ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಹೋಗಿ ಒಂದನ್ನು ತೆರೆದ, ಇನ್ನೊಂದನ್ನು ಮುಚ್ಚಿದ. ಅವತ್ತೇ ಸಂಜೆ ನಾಲ್ಕು ವಾಲ್ವ್‌ಗೂ ಬಣ್ಣದಲ್ಲಿ ಹೆಸರು ಬರೆಸಿದೆ: ಕೆಳಗೆ, ಮೇಲೆ, ಅಡುಗೆಮನೆ, ಗಿಡ. ಹದಿನಾರು ವರ್ಷದಿಂದ ನಾನು ಮುಂದೂಡುತ್ತಾ ಬಂದಿದ್ದ ಕೆಲಸ ಅದು.

ಸ್ಪಿಂಡಲ್ ಮೇಲೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟಿತ್ತು. ಬೋರ್ ನೀರಿನ ಕೊಡುಗೆ. ನಿಂಬೆರಸದಲ್ಲಿ ಅರ್ಧ ಗಂಟೆ ಮುಳುಗಿಸಿದೆವು. ಗುಳ್ಳೆ ಏಳುವುದನ್ನು ನೋಡಿ “ಕ್ಯಾಲ್ಸಿಯಂ ಕಾರ್ಬೋನೇಟ್! ಕಾರ್ಬನ್ ಡೈಆಕ್ಸೈಡ್ ಬರ್ತಿದೆ!” ಅಂತ ಕುಣಿದ. ಹದಿನೆಂಟು ವರ್ಷಕ್ಕೆ ಮೊದಲ ಸಲ ಅವನ ಪುಸ್ತಕದಲ್ಲಿದ್ದ ಒಂದು ಸಾಲು ನಮ್ಮ ಬಚ್ಚಲಲ್ಲಿ ಕಾಣಿಸಿಕೊಂಡಿತು. ಹೊಸ ವಾಶರ್ ಹಾಕಿದ. ಈಗ ಎರಡು ಬೆರಳಲ್ಲಿ ತಿರುಗಿಸಿದರೆ ನಲ್ಲಿ ನಿಲ್ಲುತ್ತದೆ.

ಮೂರನೇ ವಾರ: ವೈರಿಂಗ್

ನಾವು ತಂದ ವೈರಿನೊಳಗೆ ಮೂರು ಬಣ್ಣ. ಕಂದು ಫೇಸ್, ಕರೆಂಟ್ ಬರುವ ದಾರಿ. ನೀಲಿ ನ್ಯೂಟ್ರಲ್, ವಾಪಸ್ ಹೋಗುವ ದಾರಿ. ಹಸಿರು ಹಳದಿ ಪಟ್ಟೆಯದು ಅರ್ಥ್, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು. ಮಗ ಕಾಗದದ ಮೇಲೆ ಸರ್ಕ್ಯೂಟ್ ಬರೆದ. ಐದು ನಿಮಿಷದಲ್ಲಿ ಬರೆದ. ನನಗಿಂತ ಚೊಕ್ಕವಾಗಿ ಬರೆದ ಅಂತ ಒಪ್ಪಿಕೊಳ್ಳಬೇಕು. ಫೇಸ್ ಮೊದಲು ಫ್ಯೂಸಿಗೆ, ಫ್ಯೂಸಿನಿಂದ ಮೂರು ಸ್ವಿಚ್ಚಿಗೂ ಸಾಲಾಗಿ, ಪ್ರತಿ ಸ್ವಿಚ್ಚಿನ ಇನ್ನೊಂದು ಕಾಲಿನಿಂದ ಅದರದರ ಸಾಕೆಟ್ಟಿಗೆ. ನ್ಯೂಟ್ರಲ್ ನೇರವಾಗಿ ಮೂರು ಸಾಕೆಟ್ಟಿಗೂ. ಅರ್ಥ್ ಕೂಡ ಹಾಗೇ. ಇಂಡಿಕೇಟರ್ ಒಂದು ಕಾಲು ಫ್ಯೂಸ್ ಆದ ಮೇಲಿನ ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ.

ಕಾಗದದಿಂದ ತಾಮ್ರಕ್ಕೆ ಇಳಿದಾಗ ಎರಡೂವರೆ ಗಂಟೆ ಹಿಡಿಯಿತು. ವೈರಿನ ಸಿಪ್ಪೆ ತೆಗೆಯುವಾಗ ಅರ್ಧ ಎಳೆಗಳೇ ಕತ್ತರಿಸಿ ಹೋದವು. ಬ್ಲೇಡನ್ನು ಸುತ್ತಲೂ ಹಗುರಾಗಿ ಆಡಿಸಿ ಸಿಪ್ಪೆ ಎಳೆಯಬೇಕು, ಸೌತೆಕಾಯಿ ಹೆಚ್ಚಿದ ಹಾಗೆ ಅಲ್ಲ. ಆಮೇಲೆ ಒಂದು ಸೆಂಟಿಮೀಟರ್ ಬಿಡಿಸುವ ಕಡೆ ಮೂರು ಸೆಂಟಿಮೀಟರ್ ಬಿಡಿಸಿದ. ಬರಿ ತಾಮ್ರ ಹೊರಗೆ ಇಣುಕುತ್ತಿತ್ತು. ಬಿಚ್ಚಿಸಿದೆ. ಒಂದು ಕಡೆ ಸ್ಕ್ರೂ ತಾಮ್ರದ ಬದಲು ಪ್ಲಾಸ್ಟಿಕ್ ಸಿಪ್ಪೆಯನ್ನೇ ಕಚ್ಚಿಕೊಂಡಿತ್ತು. ಅದನ್ನೂ ಬಿಚ್ಚಿಸಿದೆ. ಪ್ರತಿ ವೈರನ್ನೂ ಬಿಗಿ ಮಾಡಿದ ಮೇಲೆ ಒಂದು ಸಲ ಎಳೆದು ನೋಡು ಎಂದೆ. ಎಂಟರಲ್ಲಿ ಮೂರು ಕೈಗೇ ಬಂದವು. ಸಡಿಲ ಇರುವ ಕಡೆಯೇ ಬಿಸಿಯಾಗುವುದು, ಬೋರ್ಡು ಕಪ್ಪಾಗುವುದೂ ಅಲ್ಲೇ.

ವೈರು ಬೋರ್ಡಿನೊಳಗೆ ಬರುವ ಕಡೆ ಕ್ಲಾಂಪ್ ಹಾಕಿಸಿದೆ. ಇವನು ಪ್ಲಗ್ ತೆಗೆಯುವುದು ವೈರು ಹಿಡಿದು ಜಗ್ಗಿ. ಆ ಅಭ್ಯಾಸ ಬಿಡಿಸಲು ಐದು ವಾರ ಸಾಲದು ಅಂತ ನನಗೆ ಗೊತ್ತು.

ಕೊನೆಗೆ ಪ್ಲಗ್ಗು. ಅರ್ಥ್ ಪಿನ್ ಯಾಕೆ ಉದ್ದ, ದಪ್ಪ ಅಂತ ಕೇಳಿದ. ಉದ್ದ ಇರುವುದರಿಂದ ಹಾಕುವಾಗ ಎಲ್ಲಕ್ಕಿಂತ ಮೊದಲು ಅದು ತಾಗುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ. ದಪ್ಪ ಇರುವುದರಿಂದ ಫೇಸಿನ ತೂತಿಗೆ ಅದು ಹೋಗುವುದೇ ಇಲ್ಲ. ಸಾಕೆಟ್ಟಿನೊಳಗೆ ಮುಚ್ಚಳ ಇದ್ದರೆ ಅದನ್ನು ಸರಿಸುವುದೂ ಅದೇ ಪಿನ್ನು.

“ಪ್ಲಗ್ ನಾನೊಬ್ಬನೇ ಮಾಡ್ತೀನಿ, ನೀನು ನೋಡಬೇಡ” ಎಂದ. ಸರಿ, ನಾನು ಕಾಫಿಗೆ ಹೋದೆ.

ಎಲ್ಲ ಕೆಲಸ ಮಾಡುತ್ತಿತ್ತು, ಆದರೂ ತಪ್ಪಾಗಿತ್ತು

ಕರೆಂಟ್ ಕೊಡುವ ಮೊದಲು ಮಲ್ಟಿಮೀಟರ್. ಫೇಸಿಗೂ ನ್ಯೂಟ್ರಲ್ಲಿಗೂ ಶಾರ್ಟ್ ಇಲ್ಲ. ಫೇಸಿಗೂ ಅರ್ಥಿಗೂ ಇಲ್ಲ. ಅರ್ಥ್ ಪಿನ್ನಿನಿಂದ ಮೂರು ಸಾಕೆಟ್ಟಿನ ಮೇಲಿನ ತೂತಿಗೂ ಬೀಪ್, ಅಂದರೆ ಸಂಪರ್ಕ ಇದೆ. ಪಾಸು.

ಪ್ಲಗ್ ಹಾಕಿದ. ಇಂಡಿಕೇಟರ್ ಕೆಂಪಗೆ ಉರಿಯಿತು. ಸ್ವಿಚ್ ಹಾಕಿದ, ಟೇಬಲ್ ಲ್ಯಾಂಪ್ ಬೆಳಗಿತು. ಆರಿಸಿದ, ಆರಿತು. ಫೋನ್ ಚಾರ್ಜ್ ಆಯಿತು. ಅಪ್ಪನನ್ನು ಕರೆದು ತೋರಿಸಿದ. ಅವರು ಚಪ್ಪಾಳೆ ಹೊಡೆದರು. ನಾನು ಸುಮ್ನೆ ಇರಲಾರದೆ ಟೆಸ್ಟರ್ ಕೊಟ್ಟು, ಸ್ವಿಚ್ ಆರಿಸಿರುವಾಗ ತೂತುಗಳನ್ನು ನೋಡು ಎಂದೆ.

“ಎಲ್ಲೂ ಉರೀತಿಲ್ಲ.”

ಟೆಸ್ಟರಿನ ತಲೆಯ ಮೇಲಿರುವ ಲೋಹಕ್ಕೆ ಬೆರಳೇ ತಾಗಿಸಿರಲಿಲ್ಲ. ಬೆರಳಿಟ್ಟರೆ ಎಡಗಡೆ ತೂತಿನಲ್ಲಿ ಟೆಸ್ಟರ್ ಉರಿಯಿತು. ಸ್ವಿಚ್ ಆಫ್ ಆಗಿದ್ದಾಗಲೇ. ಅದು ನ್ಯೂಟ್ರಲ್ ಇರಬೇಕಾದ ತೂತು.

ಅವನ ಮುಖ ಬಿಳುಚಿತು. ನನಗೋ ಒಳಗೊಳಗೇ ಖುಷಿ, ಇದಕ್ಕಿಂತ ಒಳ್ಳೆಯ ತಪ್ಪು ಬೇಕು ಅಂದರೂ ಸಿಗುವುದಿಲ್ಲ. ಮೊದಲು ಗೋಡೆಯ ಸಾಕೆಟ್ಟನ್ನೇ ನೋಡಿಸಿದೆ. ಅಲ್ಲಿ ಬಲಗಡೆ ಉರಿಯಿತು, ಸರಿಯಾಗೇ ಇದೆ. ಹಾಗಾದರೆ ತಪ್ಪು ಬೋರ್ಡಿನಲ್ಲಿ. ನಾನೇ ಹೇಳಿಬಿಡಬಹುದಿತ್ತು. ಬಾಯಿ ಕಚ್ಚಿಕೊಂಡು ಕೂತೆ.

ಕಾಲು ಗಂಟೆ ಸರ್ಕ್ಯೂಟ್ ಕಾಗದ ನೋಡಿದ. ಬೋರ್ಡು ಬಿಚ್ಚಿದ, ಅಲ್ಲೇನೂ ತಪ್ಪಿಲ್ಲ. ಆಮೇಲೆ ಪ್ಲಗ್ಗು ಬಿಚ್ಚಿ ನೋಡಿ ತಲೆಗೆ ಹೊಡೆದುಕೊಂಡ. ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಫೇಸ್ ಬಲಕ್ಕೆ ಅಂತ ನೆನಪಿಟ್ಟುಕೊಂಡಿದ್ದ. ಪ್ಲಗ್ಗನ್ನು ಪಿನ್ನುಗಳು ತನ್ನ ಕಡೆಗೆ ಬರುವ ಹಾಗೆ ಹಿಡಿದು, ಅಲ್ಲೂ ಬಲಕ್ಕೇ ಕಂದು ವೈರು ಹಾಕಿದ್ದ. ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಅದಲುಬದಲಾಗಿತ್ತು. ಪ್ಲಗ್ಗಿನ ಒಳಗೆ ಫೇಸಿಗೆ ಎಲ್, ನ್ಯೂಟ್ರಲ್ಲಿಗೆ ಎನ್, ಅರ್ಥಿಗೆ ಇ ಅಂತ ಅಚ್ಚು ಹಾಕಿದ್ದನ್ನು ನೋಡಿಯೇ ಇರಲಿಲ್ಲ.

ಅಲ್ಲಿಂದ ಮುಂದೆ ಪಾಠ ಮಾಡಿದ್ದು ಅವನೇ. “ಅಮ್ಮಾ, ಅಂದ್ರೆ ಸ್ವಿಚ್ ಕತ್ತರಿಸ್ತಿದ್ದಿದ್ದು ನ್ಯೂಟ್ರಲ್‌ನ. ಲ್ಯಾಂಪ್ ಆರುತ್ತೆ, ಆದ್ರೆ 230 ವೋಲ್ಟ್ ಲ್ಯಾಂಪಿನವರೆಗೂ ಬಂದು ನಿಂತಿರುತ್ತೆ. ಆಫ್ ಆಗಿದೆ ಅಂತ ನಾನು ಹೋಲ್ಡರಿಗೆ ಕೈ ಹಾಕಿದ್ರೆ ಶಾಕ್. ಫ್ಯೂಸ್ ಕೂಡ ನ್ಯೂಟ್ರಲ್‌ಗೆ ಹೋಗಿದೆ. ಫೇಸ್ ಅರ್ಥ್‌ಗೆ ತಾಗಿದ್ರೆ ಇದು ಹೋಗೋದೇ ಇಲ್ಲ!” ನಾನು ಇಷ್ಟು ವರ್ಷ ಫೇಸಿಗೇ ಸ್ವಿಚ್ ಹಾಕುತ್ತಾ ಬಂದವಳು. ಅಪ್ಪ ಹಾಗೆ ಹೇಳಿಕೊಟ್ಟಿದ್ದರು, ಅಷ್ಟೇ. ಯಾಕೆ ಅಂತ ಇಷ್ಟು ಸ್ಪಷ್ಟವಾಗಿ ನನಗೇ ಯಾರೂ ಹೇಳಿರಲಿಲ್ಲ. ನಮ್ಮ ಮೀಟರ್ ಬೋರ್ಡಿನಲ್ಲಿರುವ 30 ಮಿಲಿಆಂಪಿಯರ್ ಟ್ರಿಪ್ಪರ್, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು, ಯಾಕೆ ಬೇಕು ಅಂತಲೂ ಅವತ್ತೇ ಅವನಿಂದ ಕೇಳಿಸಿಕೊಂಡೆ. ಅಲ್ಲಿಯವರೆಗೆ ಅದನ್ನು ಅವನು ವೈಫೈಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದನಂತೆ. ಅದು ಬಿದ್ದಾಗೆಲ್ಲ ಇಂಟರ್‌ನೆಟ್ ಹೋಗುತ್ತಿತ್ತಲ್ಲ!

ಪ್ಲಗ್ಗು ಸರಿ ಮಾಡಿ ಮತ್ತೆ ನೋಡಿದೆವು. ಈ ಸಲ ಮಲ್ಟಿಮೀಟರಿನಲ್ಲಿ ಎಲ್ ಪಿನ್ನಿನಿಂದ ಬಲಗಡೆ ತೂತಿಗೂ ಬೀಪ್ ನೋಡಿದೆವು. ಮೊದಲ ಸಲವೇ ಇದನ್ನು ಮಾಡಿದ್ದರೆ ಸಿಕ್ಕಿಬೀಳುತ್ತಿತ್ತು.

ಧಾರವಾಡದಲ್ಲಿ ಹೀಟರ್ ರಾಡ್ ಇದಕ್ಕೇ ಹಾಕ್ತೀನಿ ಎಂದ. ಲೆಕ್ಕ ಹಾಕು ಎಂದೆ. 230 ಗುಣಿಸು 6, 1380 ವಾಟ್. ರಾಡ್ 1500 ವಾಟಿನದು. “ಆಗಲ್ಲ” ಎಂದು ಅವನೇ ಮುಖ ಸಣ್ಣ ಮಾಡಿದ. ರಾಡಿಗೆ ಗೋಡೆಯ 16 ಆಂಪಿಯರ್ ಸಾಕೆಟ್ಟೇ ಆಗಬೇಕು. ಬೋರ್ಡಿನ ಬೆನ್ನಿಗೆ ಮಾರ್ಕರಿನಲ್ಲಿ ಬರೆಸಿದೆ: ಒಟ್ಟು 1000 ವಾಟ್, ಜಾಸ್ತಿ ಬೇಡ.

ಅಡುಗೆಮನೆ ಬಗ್ಗೆ ಎರಡೇ ಮಾತು

ಉಳಿದ ದಿನಗಳು ಅಡುಗೆಮನೆಗೆ ಹೋದವು. ರೆಗ್ಯುಲೇಟರ್ ಹಾಕುವುದು, ಸೋಪಿನ ನೀರು ಹಚ್ಚಿ ಗ್ಯಾಸ್ ಸೋರಿಕೆ ನೋಡುವುದು, ಹಾಲಿನ ಮುಂದೆ ನಿಲ್ಲುವುದು. ಒಂದು ಮಧ್ಯಾಹ್ನ ಬೇಳೆಗಿಟ್ಟು ಅರ್ಧ ಗಂಟೆ ಕಾದ. ಕುಕ್ಕರ್ ಸುತ್ತ ಬುಸ್ ಅಂತ ಹಬೆ, ವಿಶಲ್ ಇಲ್ಲ. ಗ್ಯಾಸ್ಕೆಟ್ ಮೊಳೆಗೆ ನೇತುಹಾಕಿದ ಹಾಗೇ ಇತ್ತು. “ಅದು ಬಳೆ ಅಂದ್ಕೊಂಡೆ” ಎಂದ. ಆ ಗಾತ್ರದ ಬಳೆ ಯಾರ ಕೈಗೆ ಅಂತ ನಾನೂ ಕೇಳಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ, ಗ್ಯಾಸ್ಕೆಟ್ ಇದ್ದು ಒತ್ತಡ ಏರಿದರೆ ಮಾತ್ರ 120ರ ಹತ್ತಿರ ಹೋಗುತ್ತೆ, ಅದಕ್ಕೇ ಬೇಳೆ ಬೇಗ ಬೇಯೋದು ಅಂತ ಆಮೇಲೆ ಅವನೇ ನಮಗೆಲ್ಲ ವಿವರಿಸಿದ. ಬೇಯದ ಬೇಳೆ ತಟ್ಟೆಯಲ್ಲಿಟ್ಟುಕೊಂಡು ಕೇಳಿದೆವು.

ಹೊರಡುವ ದಿನ ಅಪ್ಪನ ಹಳೆಯ ತಗಡಿನ ಪೆಟ್ಟಿಗೆಗೆ ಎರಡು ಸ್ಕ್ರೂಡ್ರೈವರ್, ಟೆಸ್ಟರ್, ಪಾನಾ, ಟೆಫ್ಲಾನ್ ಟೇಪು, ನಾಲ್ಕು ವಾಶರ್ ಹಾಕಿದೆ. ಅರ ಕೊಡಲಿಲ್ಲ. ಬೋರ್ಡನ್ನು ಅವನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡ.

ನಾಲ್ಕನೇ ದಿನ ಫೋನ್ ಬಂತು. ಬಾಡಿಗೆ ಮನೆಯ ಎಲ್ಲ ಸಾಕೆಟ್ಟನ್ನೂ ಟೆಸ್ಟರ್ ಹಿಡಿದು ನೋಡಿದನಂತೆ. ಒಂದರಲ್ಲಿ ಫೇಸ್, ನ್ಯೂಟ್ರಲ್ ಉಲ್ಟಾ. ಮಾಲೀಕರಿಗೆ ಹೇಳಿದರೆ “ಹತ್ತು ವರ್ಷದಿಂದ ಹಂಗs ಐತಿ, ಏನೂ ಆಗಿಲ್ಲ ತಮ್ಮಾ” ಎಂದರಂತೆ. ಆ ಸಾಕೆಟ್ಟಿಗೆ ಬೋರ್ಡು ಹಾಕಬಾರದು ಅಂತ ಇವನು ಕೆಂಪು ಟೇಪು ಅಂಟಿಸಿದ್ದಾನೆ. ಸಂಜೆ ಮಾಲೀಕರೇ ಎಲೆಕ್ಟ್ರಿಷಿಯನ್ ಕರೆಸುತ್ತೇನೆ ಎಂದರಂತೆ.

“ಭೇಷ್” ಎಂದೆ.

“ಅಮ್ಮಾ, ಇನ್ನೊಂದು. ಅನ್ನಕ್ಕೆ ಒಂದು ಪಾವು ಅಕ್ಕಿ ಅಂತ ಬರೆದುಕೊಟ್ಟಿದ್ದೀಯಲ್ಲ. ಪಾವು ಅಂತ ಹುಡುಕಿದ್ರೆ ಬನ್ ತೋರಿಸ್ತಿದೆ.”

“ಪೆಟ್ಟಿಗೇಲಿ ಸ್ಕ್ರೂಡ್ರೈವರ್ ಪಕ್ಕ ಒಂದು ಸ್ಟೀಲಿನ ಅಳತೆ ಲೋಟ ಇಟ್ಟಿದ್ದೆ ನೋಡು. ಅದೇ ಪಾವು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಅದಾ? ಅದರಲ್ಲಿ ಸ್ಕ್ರೂ ಹಾಕಿಟ್ಟಿದ್ದೀನಿ.”

ತೊಳ್ಕೊ ಎಂದೆ.